ಕಾಡಿನ ಅರಿವು ಮತ್ತು ಕಾಡಿನ ಹಕ್ಕು: ಸೋಲಿಗರ ನೆಲೆಯಿಂದ ಒಂದು ವಿಚಾರ

ಅರಣ್ಯವಾಸಿ ಸಮುದಾಯಗಳ ಪಾರಂಪರಿಕ ಜ್ಞಾನಕ್ಕೆ ಇಂದು ಮಾತಿನ ಗೌರವವೇನೂ ಕಡಿಮೆಯಿಲ್ಲ. ವಿಚಾರ ಸಂಕಿರಣಗಳಲ್ಲಿ, ಸರಕಾರದ ವರದಿಗಳಲ್ಲಿ, ಜೀವವೈವಿಧ್ಯದ ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿ ಅದು ಕಾಪಾಡಿಕೊಳ್ಳಬೇಕಾದ ಸಂಪತ್ತೆಂದು ಮತ್ತೆ ಮತ್ತೆ ಹೇಳಲಾಗುತ್ತದೆ. ಆದರೆ ಕಾಪಾಡುವುದು ಹೇಗೆ ಎಂದು ಕೇಳಿದಾಗ ಸಿಗುವ ರೂಢಿಯ ಉತ್ತರ, ಹಿರಿಯರು ತೀರಿಕೊಳ್ಳುವ ಮೊದಲು ಅವರು ಬಲ್ಲ ಗಿಡಮೂಲಿಕೆಗಳ ಹೆಸರು, ಉಪಯೋಗ, ಕಥೆ, ಹಾಡುಗಳನ್ನು ಬರೆದಿಟ್ಟುಕೊಳ್ಳಬೇಕು ಎಂಬಲ್ಲಿಗೆ ನಿಂತುಬಿಡುತ್ತದೆ. ಈ ಉತ್ತರದಲ್ಲಿ ತಪ್ಪಿಲ್ಲವಾದರೂ ಅದು ಅರ್ಧ ಸತ್ಯ ಮಾತ್ರ. ಯಾವ ಜಾಗದಲ್ಲಿ, ಯಾವ ತಿಂಗಳಲ್ಲಿ, ಯಾರು, ಎಷ್ಟರಮಟ್ಟಿಗೆ ಏನು ಮಾಡಬೇಕು, ಯಾವಾಗ ಕೈ ಹಿಂದೆಗೆಯಬೇಕು ಎಂದು ತೀರ್ಮಾನಿಸುವ ಸಾಮರ್ಥ್ಯವೇ ಕಾಡಿನ ಅರಿವಿನ ತಿರುಳು. ಆ ತೀರ್ಮಾನವನ್ನು ಕೈಗೊಳ್ಳುವ ಅಧಿಕಾರ ಇರುವವರೆಗೆ ಮಾತ್ರ ಅದು ಬೆಳೆಯುತ್ತದೆ, ತನ್ನನ್ನು ತಾನು ತಿದ್ದಿಕೊಳ್ಳುತ್ತದೆ, ಮುಂದಿನ ತಲೆಮಾರಿಗೆ ದಾಟುತ್ತದೆ. ಅಧಿಕಾರವನ್ನು ಕಿತ್ತುಕೊಂಡು ಅರಿವನ್ನು ಮಾತ್ರ ಉಳಿಸಿಕೊಳ್ಳಲು ಹೊರಡುವುದು, ಒಲೆ ಹಚ್ಚಲು ಬಿಡದೆ ಅಡುಗೆಯ ವಿಧಾನವನ್ನಷ್ಟೇ ಬರೆದಿಟ್ಟುಕೊಂಡಂತೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಳೆದ ಐವತ್ತು ವರ್ಷಗಳ ಅನುಭವ ಈ ಮಾತಿಗೆ ಕರ್ನಾಟಕದಲ್ಲೇ ಸಿಗುವ ಬಲವಾದ ಆಧಾರ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ಅಮೆಜಾನ್ ಮಳೆಕಾಡಿನ ನಿವಾಸಿಗಳಾದ ವಾವೊರಾನಿ ಜನರ ಹೋರಾಟವೂ ಇದನ್ನೇ ಬೇರೊಂದು ನೆಲದಿಂದ ದೃಢಪಡಿಸುತ್ತದೆ.

ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳನ್ನು ಬೆಸೆಯುವ ಸೇತುವೆಯಂತಿರುವ ಬಿಳಿಗಿರಿರಂಗನ ಬೆಟ್ಟಸಾಲು ಸುಮಾರು 600 ಮೀಟರಿನಿಂದ 1,800 ಮೀಟರಿನವರೆಗೆ ಏರುತ್ತದೆ. ಈ ಏರಿಳಿತದಿಂದಾಗಿ, ಸುಮಾರು 540 ಚದರ ಕಿಲೋಮೀಟರ್ ವ್ಯಾಪ್ತಿಯ ಅಭಯಾರಣ್ಯದೊಳಗೇ ತಪ್ಪಲಿನ ಕುರುಚಲು ಕಾಡು, ಎಲೆಯುದುರುವ ಕಾಡು, ನಿತ್ಯಹಸಿರಿನ ಶೋಲೆ, ಎತ್ತರದ ಹುಲ್ಲುಗಾವಲು ಎಲ್ಲವೂ ಸಿಗುತ್ತವೆ. ಸಸ್ಯವಿಜ್ಞಾನಿಗಳು ಮಾಡುವ ಇಂಥ ವಿಂಗಡಣೆಗೆ ಸರಿಹೊಂದುವ ಮತ್ತು ಕೆಲವೆಡೆ ಅದಕ್ಕಿಂತ ಸೂಕ್ಷ್ಮವಾದ ವಿಂಗಡಣೆ ಸೋಲಿಗರಲ್ಲಿ ಮೊದಲಿನಿಂದಲೂ ಇದೆ. ಕಾನುಕಾಡು, ನಾಡುಕಾಡು, ಬೋಳಿ ಎಂದು ಅವರು ಗುರುತಿಸುವ ಒಂದೊಂದು ಬಗೆಯ ನೆಲಕ್ಕೂ ಅಲ್ಲಿ ಬೆಳೆಯುವ ಮರ, ಅಲ್ಲಿಗೆ ಬರುವ ಪ್ರಾಣಿ, ಅಲ್ಲಿ ಮಾಡಬಹುದಾದ ಕೆಲಸಗಳ ಲೆಕ್ಕ ಬೇರೆಬೇರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸೋಲಿಗರ ಸಂಖ್ಯೆ ಮೂವತ್ತು ಸಾವಿರಕ್ಕೂ ಹೆಚ್ಚು. ಬಿಳಿಗಿರಿರಂಗನ ಬೆಟ್ಟದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ, ಗಡಿಯಾಚೆಗಿನ ಸತ್ಯಮಂಗಲದ ಕಾಡಿನಲ್ಲಿ ಅವರು ಪೋಡು ಎಂದು ಕರೆಯುವ ಸಣ್ಣ ನೆಲೆಗಳಲ್ಲಿ ವಾಸಿಸುತ್ತಾರೆ.

ಸೋಲಿಗರ ಕಣ್ಣಿನಲ್ಲಿ ಈ ಕಾಡು ಯಾರೂ ಇಲ್ಲದ ಬಯಲಲ್ಲ. ಇಡೀ ಬೆಟ್ಟಸಾಲು ಎಲ್ಲೆಗಳಾಗಿ ಹಂಚಿಹೋಗಿದೆ. ಎಲ್ಲೆಯೆಂದರೆ ಒಂದೊಂದು ಕುಲ ನೋಡಿಕೊಳ್ಳಬೇಕಾದ, ತೊರೆ, ಗುಡ್ಡ, ಬಂಡೆಗಳಿಂದ ಗಡಿ ಗುರುತಿಸಿಕೊಂಡ ಭೂಭಾಗ. ಪ್ರತಿ ಎಲ್ಲೆಯಲ್ಲಿಯೂ ದೇವರು, ಮಾರಮ್ಮ, ವೀರು ಎಂಬ ಕಾಯುವ ಶಕ್ತಿಗಳ ಸ್ಥಾನಗಳು, ಹಿರಿಯರ ಸಮಾಧಿ ಗುರುತಾದ ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ಜಲಸ್ಥಾನ ಇರುತ್ತವೆ. ಇವುಗಳ ಸುತ್ತ ಮರ ಕಡಿಯುವಂತಿಲ್ಲ. ವರ್ಷಕ್ಕೊಮ್ಮೆಯಾದರೂ ಎಲ್ಲೆಗೆ ಸೇರಿದ ಕುಲದವರು ಅಲ್ಲಿಗೆ ಹೋಗಿ ಪೂಜೆ ಸಲ್ಲಿಸಬೇಕು. ಭಾರ್ಗವಿ ತೊರೆಯ ದಡದಲ್ಲಿರುವ, ಬುಡದಲ್ಲಿ ಲಿಂಗಗಳ ಸಾಲನ್ನೇ ಇರಿಸಿಕೊಂಡಿರುವ ಪುರಾತನ ದೊಡ್ಡಸಂಪಿಗೆ ಮರ ಇಂಥ ಸ್ಥಾನಗಳಲ್ಲಿ ಅತ್ಯಂತ ಹೆಸರಾದದ್ದು. ಭಕ್ತಿಯ ಆಚೆಗೆ ನೋಡಿದರೂ ಈ ವ್ಯವಸ್ಥೆಗೆ ಸ್ಪಷ್ಟವಾದ ಕೆಲಸವೊಂದಿದೆ. ವರ್ಷದ ಪೂಜೆಗೆ ಕಾಡಿನ ಮೂಲೆಮೂಲೆಗೆ ನಡೆದುಹೋಗುವವರು ಯಾವ ತೊರೆ ಬತ್ತಿದೆ, ಯಾವ ಮರ ಹೂಬಿಟ್ಟಿಲ್ಲ, ಯಾವ ಹೊಸ ಗಿಡ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ತಪ್ಪದೆ ನೋಡಿಬರುತ್ತಾರೆ. ಆ ಮೂಲಕ ಪ್ರತಿ ಎಲ್ಲೆಗೂ ಉತ್ತರದಾಯಿಗಳಾದ ಕಾವಲುಗಾರರು ಇದ್ದಂತಾಗುತ್ತದೆ. ಸೋಲಿಗ ಹಿರಿಯರೂ ಬೆಂಗಳೂರಿನ ಅಶೋಕ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯ ಸಂಶೋಧಕರೂ ಕೂಡಿ ಈ ಸ್ಥಾನಗಳನ್ನು ನಕ್ಷೆಗೆ ಇಳಿಸಿದಾಗ, ಅವುಗಳ ಸಂಖ್ಯೆ ಐನೂರರ ಆಸುಪಾಸು ಬಂದಿತು. ಅರಣ್ಯ ಇಲಾಖೆಯ ವಲಯ, ವಿಭಾಗಗಳ ನಕ್ಷೆಯಲ್ಲಿ ಇವುಗಳಲ್ಲಿ ಬಹುಪಾಲು ಸ್ಥಾನಗಳಿಗೆ ಗುರುತೇ ಇರಲಿಲ್ಲ.

ಈ ಅರಿವು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೆಲ್ಲಿಯ ಮರವೊಂದರ ಮುಂದೆ ನಿಂತು ನೋಡಬಹುದು. ನೆಲ್ಲಿಕಾಯಿ, ಜೇನು, ಸೀಗೆ, ಅಂಟುವಾಳ, ಅಳಲೆ, ಮರದ ಪಾಚಿ, ಮಾಕಳಿ ಬೇರು ಮುಂತಾದ ಕಿರು ಅರಣ್ಯ ಉತ್ಪನ್ನಗಳು, ಅಂದರೆ ಮರ ಕಡಿಯದೆ ಕಾಡಿನಿಂದ ಸಂಗ್ರಹಿಸುವ ವಸ್ತುಗಳು, ಸೋಲಿಗರ ಜೀವನೋಪಾಯದಲ್ಲಿ ದೊಡ್ಡ ಪಾಲನ್ನು ಹೊಂದಿದ್ದವು. ಲ್ಯಾಂಪ್ಸ್ ಎಂದು ಕರೆಯಲಾಗುವ ಗಿರಿಜನರ ಸಹಕಾರ ಸಂಘಗಳು ಇವನ್ನು ಕೊಳ್ಳುತ್ತಿದ್ದವು. ನೆಲ್ಲಿಯ ಕೊಂಬೆಗಳ ಮೇಲೆ ಒಂದು ಬಗೆಯ ಬಂದಳಿಕೆ ಬೆಳೆಯುತ್ತದೆ. ಸೋಲಿಗರು ಇದನ್ನು ಉಪ್ಪಿಲು ಎನ್ನುತ್ತಾರೆ. ತನ್ನದೇ ಹಸಿರೆಲೆಗಳಿದ್ದರೂ ನೀರು ಮತ್ತು ಲವಣಗಳಿಗಾಗಿ ಆಶ್ರಯದ ಮರವನ್ನೇ ಹೀರುವ ಈ ಅರೆಪರಾವಲಂಬಿ ಸಸ್ಯದ ಅಂಟುಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಇನ್ನೊಂದು ಕೊಂಬೆಗೆ ದಾಟಿಸುತ್ತವೆ. ಉಪ್ಪಿಲು ಹೆಚ್ಚಾದಂತೆ ನೆಲ್ಲಿಯ ಫಸಲು ಇಳಿದು, ಕೊನೆಗೆ ಮರವೇ ಒಣಗುತ್ತದೆ. ಹೊರಗಿನಿಂದ ಬಂದವರಿಗೆ ನೆಲ್ಲಿಮರಗಳು ಸೊರಗುವುದಕ್ಕೆ ಸೋಲಿಗರ ಅತಿಯಾದ ಸಂಗ್ರಹವೇ ಕಾರಣವೆಂದು ತೋರುವುದು ಸಹಜವಾಗಿತ್ತು. ಸೋಲಿಗರು ಮಾತ್ರ ಉಪ್ಪಿಲಿನ ಕಡೆಗೆ ಬೆರಳು ಮಾಡಿ, ಹಿಂದೆ ಕಾಡಿಗೆ ಹಾಕುತ್ತಿದ್ದ ಬೆಂಕಿ ನಿಂತುಹೋದದ್ದರಿಂದಲೇ ಅದು ಹೆಚ್ಚಾಯಿತೆಂದು ಹೇಳುತ್ತಾ ಬಂದರು. ಈ ವಿವರಣೆಯನ್ನು ಗಂಭೀರವಾಗಿ ಪರಿಶೀಲಿಸಿದ ಸಂಶೋಧನಾ ಲೇಖನ 2010ರಲ್ಲಿ ಪ್ರಕಟವಾಗುವ ಹೊತ್ತಿಗೆ, ನೆಲ್ಲಿಯ ಸಂಗ್ರಹದ ಮೇಲಿನ ನಿಷೇಧ ಜಾರಿಯಾಗಿ ವರ್ಷಗಳೇ ಕಳೆದಿದ್ದವು.

ಸೋಲಿಗರು ಹೇಳುವ ಆ ಬೆಂಕಿಗೆ ತರಗು ಬೆಂಕಿ ಎಂದು ಹೆಸರು. ಎಲೆಯುದುರುವ ಕಾಡಿನಲ್ಲಿ ತರಗೆಲೆ ನೆಲಕ್ಕೆ ಬಿದ್ದು, ಇನ್ನೂ ಮಂಜಿನ ತೇವ ಆರದ ಜನವರಿ, ಫೆಬ್ರವರಿಯ ಹೊತ್ತಿನಲ್ಲಿ ಅಲ್ಲಲ್ಲಿ ಹಚ್ಚುವ ಈ ಬೆಂಕಿ ಮೊಣಕಾಲೆತ್ತರವನ್ನೂ ದಾಟದೆ ನೆಲದ ಮೇಲೆ ತೆವಳಿ ಸಾಗುತ್ತದೆ; ದೊಡ್ಡ ಮರಗಳಿಗೆ ತಾಗದೆ, ತರಗನ್ನೂ ಒಣ ಹುಲ್ಲನ್ನೂ ಸುಟ್ಟು, ತಾನೇ ಆರುತ್ತದೆ. ಇದರಿಂದ ಉಣ್ಣಿಗಳ ಕಾಟ ಕಡಿಮೆಯಾಗುತ್ತದೆ, ಜಿಂಕೆ ಕಾಟಿಗಳಿಗೆ ಎಳೆ ಹುಲ್ಲು ಚಿಗುರುತ್ತದೆ, ನಡೆಯುವ ದಾರಿ ತೆರವಾಗುತ್ತದೆ, ಕೆಳಕೊಂಬೆಗಳ ಉಪ್ಪಿಲು ಸಾಯುತ್ತದೆ, ಬೇರುಬಿಡುತ್ತಿರುವ ಕಳೆಗಿಡಗಳು ನಾಶವಾಗುತ್ತವೆ ಎಂಬುದು ಹಿರಿಯರ ವಿವರಣೆ. ಎಲ್ಲಕ್ಕಿಂತ ಮುಖ್ಯವಾದ ಫಲವೆಂದರೆ, ಮಾರ್ಚ್, ಏಪ್ರಿಲ್ ತಿಂಗಳ ಕಡುಬೇಸಿಗೆಯಲ್ಲಿ ಕಾಡಿಗೆ ಕಿಡಿ ಬಿದ್ದರೂ ದೊಡ್ಡ ಬೆಂಕಿಗೆ ಬೇಕಾದ ಉರುವಲು ನೆಲದ ಮೇಲೆ ಉಳಿದಿರುವುದಿಲ್ಲ. ಬ್ರಿಟಿಷರ ಕಾಲದ ಅರಣ್ಯಶಾಸ್ತ್ರ ತೇಗದಂಥ ನಾಟಾ ಮರಗಳ ರಕ್ಷಣೆಯ ದೃಷ್ಟಿಯಿಂದ ಬೆಂಕಿಯನ್ನೆಲ್ಲ ಒಂದೇ ಶತ್ರುವೆಂದು ಎಣಿಸಿತು. ಸ್ವತಂತ್ರ ಭಾರತದ ಅರಣ್ಯ ಇಲಾಖೆ ಅದೇ ದೃಷ್ಟಿಯನ್ನು ಮುಂದುವರಿಸಿತು. 1974ರಲ್ಲಿ ಬೆಟ್ಟವನ್ನು ವನ್ಯಜೀವಿಧಾಮವೆಂದು ಘೋಷಿಸಿದ ಮೇಲೆ ಬೇಟೆ, ಸ್ಥಳಾಂತರ ಬೇಸಾಯ, ತರಗು ಬೆಂಕಿ ಒಂದೊಂದಾಗಿ ನಿಂತು, ಚದುರಿದ್ದ ಸೋಲಿಗರನ್ನು ಖಾಯಂ ಪೋಡುಗಳಿಗೆ ತಂದು ನೆಲೆಗೊಳಿಸಲಾಯಿತು.

ಬೆಂಕಿ ನಿಂತ ಕಾಡಿನಲ್ಲಿ ಹಬ್ಬಿದ್ದು ಲಂಟಾನ ಎಂಬ ಹೊರದೇಶದ ಪೊದೆಗಿಡ. 1997 ಮತ್ತು 2008ರಲ್ಲಿ ಈ ಬೆಟ್ಟದ ಅವೇ ತಾಕುಗಳನ್ನು ಅಳೆದು ಹೋಲಿಸಿದ ವಿಜ್ಞಾನಿಗಳು, ಈ ಅವಧಿಯಲ್ಲಿ ಲಂಟಾನ ಇರುವ ತಾಕುಗಳ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗಿರುವುದನ್ನೂ ಅದರ ದಟ್ಟಣೆ ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಏರಿರುವುದನ್ನೂ ದಾಖಲಿಸಿದರು. ಆಳೆತ್ತರದ ಲಂಟಾನ ಪೊದೆಯ ಅಡಿಯಲ್ಲಿ ಹುಲ್ಲು ಬೆಳೆಯದು, ನೆಲ್ಲಿಯ ಸಸಿ ಮೇಲೇಳದು, ಸೋಲಿಗರು ಎಲ್ಲೆಯ ದೇವರ ಬಳಿಗೆ ನಡೆದುಹೋಗುತ್ತಿದ್ದ ಹಾದಿಗಳೇ ಮುಚ್ಚಿಹೋಗುತ್ತವೆ. ಇಲ್ಲಿ ಗಮನಿಸಬೇಕಾದ ವೈಜ್ಞಾನಿಕ ತಿರುವೊಂದಿದೆ. ಬೆಂಕಿ ಬಿದ್ದ ಜಾಗದಲ್ಲಿ ಲಂಟಾನ ಬೇಗ ಚಿಗುರುತ್ತದೆ, ಲಂಟಾನ ಒಣಗಿ ಮತ್ತಷ್ಟು ಬೆಂಕಿಗೆ ಉರುವಲಾಗುತ್ತದೆ, ಹೀಗೆ ಬೆಂಕಿ ಮತ್ತು ಲಂಟಾನ ಒಂದನ್ನೊಂದು ಬೆಳೆಸುತ್ತವೆ ಎಂಬ ಊಹಾಸಿದ್ಧಾಂತವನ್ನು ಇಬ್ಬರು ಪರಿಸರ ವಿಜ್ಞಾನಿಗಳು 2005ರಲ್ಲಿ ಮಂಡಿಸಿದ್ದರು. ಅದೇ ಸಂಶೋಧಕರು ಸಹೋದ್ಯೋಗಿಗಳೊಡನೆ ಸೋಲಿಗ ಹಿರಿಯರ ಮಾತನ್ನು ಕ್ರಮವಾಗಿ ದಾಖಲಿಸಿ 2012ರಲ್ಲಿ ಪ್ರಕಟಿಸಿದಾಗ ಬೇರೆಯದೇ ವಿವರಣೆ ಹೊರಬಿತ್ತು: ಲಂಟಾನ ಬೆಟ್ಟಕ್ಕೆ ಬಹಳ ಹಿಂದೆಯೇ ಬಂದಿದ್ದರೂ, ತರಗು ಬೆಂಕಿ ನಡೆಯುತ್ತಿದ್ದ ಕಾಲದಲ್ಲಿ ಅದರ ಬೀಜ ಮತ್ತು ಎಳೆಸಸಿಗಳು ಸುಟ್ಟುಹೋಗಿ ಅದು ಹತೋಟಿಯಲ್ಲಿತ್ತು, ಬೆಂಕಿ ನಿಂತ ಮೇಲೆ ಅದಕ್ಕೆ ಲಗಾಮಿಲ್ಲದಾಯಿತು. ಬೆಂಕಿಯೆಂಬ ಒಂದೇ ಹೆಸರಿನಡಿ ವಿಜ್ಞಾನ ಸೇರಿಸಿಟ್ಟಿದ್ದ ಎರಡು ಬೇರೆ ಘಟನೆಗಳನ್ನು, ಅಂದರೆ ಮಾಗಿಯ ತಣ್ಣನೆಯ ನೆಲಬೆಂಕಿಯನ್ನೂ ಕಡುಬೇಸಿಗೆಯ ಕಾಳ್ಗಿಚ್ಚನ್ನೂ, ಸೋಲಿಗರ ಅರಿವು ಬೇರ್ಪಡಿಸಿ ತೋರಿಸಿತು. 2019ರ ಫೆಬ್ರವರಿಯಲ್ಲಿ ನೆರೆಯ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡನ್ನು ಸುಟ್ಟ ಬೆಂಕಿ, ಉರುವಲು ತುಂಬಿಕೊಂಡ ಕಾಡು ಎಂಥ ಅಪಾಯದ ಮೇಲೆ ಕುಳಿತಿರುತ್ತದೆ ಎಂಬುದನ್ನು ನಾಡಿಗೆಲ್ಲ ತೋರಿಸಿತು.

ಲಂಟಾನದ ಇತಿಹಾಸ ಬೆಂಗಳೂರಿನ ಓದುಗರಿಗೆ ಇನ್ನೊಂದು ಕಾರಣಕ್ಕೂ ಹತ್ತಿರವಾದದ್ದು. ಅಮೆರಿಕ ಖಂಡದ ಉಷ್ಣವಲಯಕ್ಕೆ ಸೇರಿದ ಈ ಗಿಡ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಚೆಂದದ ಹೂವಿನ ಅಲಂಕಾರ ಸಸ್ಯವಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದು, ಬೇಲಿಗಿಡವಾಗಿ ದೇಶವೆಲ್ಲ ಹರಡಿತು. ವಸಾಹತುಕಾಲದ ಸಸ್ಯೋದ್ಯಾನಗಳು ಪ್ರಪಂಚದ ಗಿಡಗಳನ್ನು ಒಂದು ಖಂಡದಿಂದ ಇನ್ನೊಂದಕ್ಕೆ ಸಾಗಿಸಿದ ಜಾಲವಾಗಿದ್ದವು. 1760ರಲ್ಲಿ ಹೈದರಾಲಿ ಆರಂಭಿಸಿದ, 1856ರಲ್ಲಿ ಸರಕಾರಿ ಸಸ್ಯೋದ್ಯಾನವಾದ ಲಾಲ್‌ಬಾಗ್ ಸಹ ಆ ಜಾಲದ ಒಂದು ಮುಖ್ಯ ಗಂಟು. ಸೀಮೆಬದನೆಯಂಥ ಎಷ್ಟೋ ಪರದೇಶದ ತರಕಾರಿಗಳು, ಇಂದು ಬೆಂಗಳೂರಿನ ಬೀದಿಗಳಲ್ಲಿ ಹೂಬಿಡುವ ಎಷ್ಟೋ ಮರಗಳು ಈ ಬಗೆಯ ಉದ್ಯಾನಗಳ ಮೂಲಕವೇ ಜನಜೀವನವನ್ನು ಸೇರಿದವು, ಮತ್ತು ಅದರಿಂದ ಆದ ಒಳಿತನ್ನು ಅಲ್ಲಗಳೆಯುವಂತಿಲ್ಲ. ಆದರೆ ಗಿಡ ಸಮುದ್ರ ದಾಟಿ ಬಂದಾಗ ಅದರೊಡನೆ ಲ್ಯಾಟಿನ್ ಹೆಸರು ಬಂದಿತೇ ಹೊರತು, ಆ ಗಿಡದೊಂದಿಗೆ ತಲೆಮಾರುಗಳಿಂದ ಬಾಳಿದ ಜನರಾಗಲಿ, ಅದನ್ನು ಹದ್ದಿನಲ್ಲಿಟ್ಟಿದ್ದ ಕೀಟಗಳಾಗಲಿ ಬರಲಿಲ್ಲ. ಗಿಡವನ್ನು ಅದರ ನೆಲದಿಂದ ಬಿಡಿಸಿ ಅರಿಯಬಹುದೆಂಬ ನಂಬಿಕೆಯ ಬೆಲೆಯನ್ನು ಬಿಳಿಗಿರಿಯ ಕಾಡು ಇಂದು ತೆರುತ್ತಿದೆ.

ನೆಲದಿಂದ ಬಿಡಿಸಿದರೆ ಅರಿವು ಉಳಿಯದು ಎಂಬುದಕ್ಕೆ ಕಾಡಿಗೇ ಹೋಗಬೇಕಾಗಿಲ್ಲ. ಲಾಲ್‌ಬಾಗಿನ ಅಂಚಿಗೆ ಅಂಟಿಕೊಂಡಿರುವ, ಜಯನಗರದ ಮಗ್ಗುಲಿನ ಸಿದ್ದಾಪುರ ಒಂದು ಕಾಲಕ್ಕೆ ತೋಟಗಾರರ ಹಳ್ಳಿ. ತರಕಾರಿ, ಹೂವು, ಸಸಿಗಳ ಬೇಸಾಯದಲ್ಲಿ ಪಳಗಿದ ತಿಗಳ ಸಮುದಾಯದ ಕುಟುಂಬಗಳು ಇಂಥ ಹಳ್ಳಿಗಳಲ್ಲಿ ನೆಲೆಸಿ, ಉದ್ಯಾನದ ಕೆಲಸವನ್ನೂ ತಮ್ಮ ತೋಟಗಳ ಬೇಸಾಯವನ್ನೂ ಒಟ್ಟಿಗೆ ನಡೆಸಿದವು. ಸಿದ್ದಾಪುರದ ನರ್ಸರಿಗಳು ಆ ಪರಂಪರೆಯ ಉಳಿಕೆ. ಕಸಿ ಕಟ್ಟುವುದು, ಪಾತಿಯ ಹದ ನೋಡುವುದು, ಕೆರೆ ಬಾವಿಗಳ ನೀರನ್ನು ಅಳೆದು ಹಾಯಿಸುವುದು ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಬರೆದಿಡಲಾಗದ, ಕೈಯಿಂದ ಕೈಗೆ ದಾಟುವ ವಿದ್ಯೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ದಕ್ಷಿಣ ಬೆಂಗಳೂರಿನ ಹೊಲ, ತೋಟಗಳು ಬಡಾವಣೆಗಳಾಗುತ್ತಾ ಹೋದಂತೆ ಆ ವಿದ್ಯೆಗಿದ್ದ ನೆಲೆಯೂ ಕುಗ್ಗಿತು. ನರ್ಸರಿಗೆ ಎಡೆ ಸಿಕ್ಕ ಕಡೆ ಅದರ ಒಂದು ಪಾಲು ಉಳಿಯಿತು, ತೋಟವೇ ಹೋದ ಕಡೆ ತರಕಾರಿ ಬೇಸಾಯದ ಪಾಲು ಅಳಿಯಿತು. ಯಾರೂ ಈ ವಿದ್ಯೆಯನ್ನು ನಿಷೇಧಿಸಲಿಲ್ಲ, ಯಾರೂ ಅದನ್ನು ಅಗೌರವಿಸಲೂ ಇಲ್ಲ. ನೆಲ ಹೋಯಿತು, ಅದರ ಜೊತೆಗೆ ವಿದ್ಯೆ ಹೋಯಿತು. ಲಂಟಾನದ ಕಥೆಗೆ ಮರಳಿದರೆ, 2024ರ ಫೆಬ್ರವರಿಯಲ್ಲಿ ನೀಲಗಿರಿ ಸೀಮೆಯ ಆದಿವಾಸಿ ಕುಶಲಕರ್ಮಿಗಳು ಲಂಟಾನದ ಕಡ್ಡಿಗಳಿಂದ ಹೆಣೆದ ನಿಜಗಾತ್ರದ ಆನೆಗಳು ಇದೇ ಲಾಲ್‌ಬಾಗಿನಲ್ಲಿ ಪ್ರದರ್ಶನಗೊಂಡವು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರೂ ಲಂಟಾನದಿಂದ ಕುರ್ಚಿ ಮೇಜುಗಳನ್ನು ಮಾಡುವುದನ್ನು ಕಲಿತು ಬದುಕಿಗೊಂದು ದಾರಿ ಮಾಡಿಕೊಂಡಿದ್ದಾರೆ. ಆ ಕೌಶಲವನ್ನು ನಗರ ಮನಸಾರೆ ಮೆಚ್ಚಿದ್ದು ಯೋಗ್ಯವೇ. ಆದರೆ ಆ ಕಡ್ಡಿಗಳು ಕಾಡಿನಲ್ಲಿ ಅಷ್ಟೊಂದು ಬೆಳೆದದ್ದು ಏಕೆ, ಅದನ್ನು ತಡೆಯುವ ದಾರಿ ಬಲ್ಲವರ ಮಾತನ್ನು ಯಾರು ಕೇಳಿದರು ಎಂಬ ಪ್ರಶ್ನೆಯನ್ನೂ ಮೆಚ್ಚುಗೆಯ ಜೊತೆಗೆ ಒಯ್ಯಬೇಕಾಗುತ್ತದೆ.

ಆ ಪ್ರಶ್ನೆಗೆ ಉತ್ತರ ಕಾನೂನಿನ ಇತಿಹಾಸದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯನ್ನು ಆಧರಿಸಿ, ಅಭಯಾರಣ್ಯದೊಳಗಿನಿಂದ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವುದನ್ನು 2004ರಿಂದೀಚೆಗೆ ಬಿಳಿಗಿರಿಯಲ್ಲಿ ನಿಷೇಧಿಸಲಾಯಿತು. ಇದರಿಂದ ಕುಟುಂಬಗಳ ವರಮಾನ ಕುಸಿದದ್ದು ಎದ್ದುಕಾಣುವ ನಷ್ಟ. ಜೇನು ಕೀಳಲು, ನೆಲ್ಲಿ ಆಯಲು ಹಿರಿಯರ ಜೊತೆ ಕಾಡಿಗೆ ಹೋಗುವ ಮಕ್ಕಳ ಕಲಿಕೆಯೇ ನಿಂತದ್ದು ಅಷ್ಟಾಗಿ ಕಾಣದ, ಅದಕ್ಕಿಂತ ದೊಡ್ಡ ನಷ್ಟ. ಹೆಜ್ಜೇನು ಯಾವ ಮರ, ಯಾವ ಬಂಡೆಗೆ ವರ್ಷ ವರ್ಷ ಮರಳುತ್ತದೆ, ಯಾವ ಹೂವು ಬಿಟ್ಟ ಮೇಲೆ ತಟ್ಟಿಯಲ್ಲಿ ಜೇನು ತುಂಬುತ್ತದೆ, ಎಷ್ಟು ತಟ್ಟಿಗಳನ್ನು ಮುಟ್ಟದೆ ಬಿಡಬೇಕು ಎಂಬುದು ರಾತ್ರಿಯಲ್ಲಿ ಮರ ಹತ್ತುವವನ ಕೆಳಗೆ ನಿಂತು ಹಗ್ಗ ಹಿಡಿದವನಿಗೆ ತಿಳಿಯುವ ಮಾತು. 2006ರ ಅರಣ್ಯ ಹಕ್ಕು ಕಾಯ್ದೆ, ಅಂದರೆ ಪರಿಶಿಷ್ಟ ಬುಡಕಟ್ಟುಗಳ ಮತ್ತು ಇತರ ಪಾರಂಪರಿಕ ಅರಣ್ಯವಾಸಿಗಳ ಹಕ್ಕುಗಳನ್ನು ಮಾನ್ಯಮಾಡುವ ಕಾನೂನು, ಈ ದಿಕ್ಕನ್ನು ಬದಲಿಸುವ ಸಾಧ್ಯತೆಯನ್ನು ತೆರೆಯಿತು. ಸಂಗ್ರಹದ ಹಕ್ಕಿನ ಜೊತೆಗೆ, ಸಮುದಾಯದ ಕಾಡನ್ನು ರಕ್ಷಿಸುವ, ಪುನಶ್ಚೇತನಗೊಳಿಸುವ, ನಿರ್ವಹಿಸುವ ಹಕ್ಕನ್ನೂ ಅದು ಗ್ರಾಮಸಭೆಗೆ ಕೊಡುತ್ತದೆ. 2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದಾಗ ಒಕ್ಕಲೆಬ್ಬಿಸುವ ಭಯ ಆವರಿಸಿತ್ತು. ಆದರೆ ಸೋಲಿಗರ ಸಂಘಟಿತ ಒತ್ತಾಯದ ಫಲವಾಗಿ ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು. ನಕ್ಷೆಗೆ ಇಳಿದಿದ್ದ ಎಲ್ಲೆಗಳೂ ಪೂಜಾಸ್ಥಾನಗಳೂ ಈ ಹಕ್ಕಿನ ವಾದಕ್ಕೆ ಬೆನ್ನೆಲುಬಾದವು. ಸೋಲಿಗ ಸಮುದಾಯದೊಳಗಿಂದಲೇ ಬಂದು ಸಂಶೋಧಕರಾದ ಡಾ. ಸಿ. ಮಾದೇಗೌಡರಂಥವರು ಈ ಕೆಲಸದಲ್ಲಿ ಮುಂದಾಳುಗಳಾಗಿದ್ದರು.

ನಕ್ಷೆಯೇ ಹಕ್ಕಿನ ಸಾಧನವಾದ ಇನ್ನೊಂದು ನಿದರ್ಶನ ಈಕ್ವೆಡಾರಿನದು. ಕೆಲವೇ ಸಾವಿರ ಸಂಖ್ಯೆಯ ವಾವೊರಾನಿಗಳು ಬೇರೆ ಯಾವ ಭಾಷೆಗೂ ಸಂಬಂಧವಿಲ್ಲದ ತಮ್ಮದೇ ನುಡಿಯನ್ನು ಆಡುವ ಜನ. 1950ರ ದಶಕದ ಕೊನೆಯವರೆಗೂ ಹೊರಜಗತ್ತಿನೊಡನೆ ಶಾಂತಿಯ ಸಂಪರ್ಕವೇ ಇಲ್ಲದೆ ಬದುಕಿದವರು. ಬಳ್ಳಿಗಳ ತೊಗಟೆಯನ್ನು ಸೋಸಿ ಬಾಣದ ವಿಷ ತಯಾರಿಸುವ, ಊದುಗೊಳವೆಯಿಂದ ಮರದ ತುದಿಯ ಕೋತಿಗೆ ಗುರಿಯಿಡುವ, ತಾಳೆಜಾತಿಯ ಮರದ ನಾರಿನಿಂದ ಜೋಲಿ, ಚೀಲಗಳನ್ನು ಹೆಣೆಯುವ ಅವರ ಸಸ್ಯಜ್ಞಾನವನ್ನು ಸಂಶೋಧಕರಾದ ವೇಡ್ ಡೇವಿಸ್ ಮತ್ತು ಜೇಮ್ಸ್ ಯೋಸ್ಟ್ 1980ರ ದಶಕದಲ್ಲೇ ವಿಸ್ತಾರವಾಗಿ ದಾಖಲಿಸಿದ್ದರು. ಅವರ ನಾಡಿನ ಯಾಸುನಿ ಕಾಡಿನಲ್ಲಿ ಒಂದು ಹೆಕ್ಟೇರಿನಲ್ಲೇ ಆರುನೂರಕ್ಕೂ ಹೆಚ್ಚು ಜಾತಿಯ ಮರಗಳು ಸಿಗುತ್ತವೆ. ಇಷ್ಟೆಲ್ಲ ದಾಖಲೆ, ಕೀರ್ತಿಗಳಿದ್ದರೂ ಸರಕಾರದ ತೈಲ ನಕ್ಷೆಯಲ್ಲಿ ಆ ಕಾಡು ಕೇವಲ ಸಂಖ್ಯೆ ಹಾಕಿದ ಚೌಕಗಳಾಗಿತ್ತು. ಪಾಸ್ತಾಸಾ ಪ್ರಾಂತ್ಯದ ವಾವೊರಾನಿಗಳು ಆಗ ಊರೂರು ನಡೆದು, ಬೇಟೆಯ ಹಾದಿ, ಔಷಧದ ಮರ, ಮೀನಿನ ಮಡು, ಹಿರಿಯರ ಹಳೆಯ ನೆಲೆಗಳನ್ನೆಲ್ಲ ಗುರುತಿಸಿದ ತಮ್ಮದೇ ನಕ್ಷೆಗಳನ್ನು ತಯಾರಿಸಿದರು. ಅವರಲ್ಲೊಬ್ಬರಾದ ನೆಮೊಂತೆ ನೆಂಕಿಮೊ ಅವರ ಮುಂದಾಳತನದಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸಮುದಾಯದೊಡನೆ ಸರಿಯಾಗಿ ಸಮಾಲೋಚಿಸದೆ ಕಾಡನ್ನು ತೈಲಕ್ಕಾಗಿ ಹರಾಜಿಗಿಡುವಂತಿಲ್ಲವೆಂದು ಪೂಯೊ ನಗರದ ನ್ಯಾಯಾಲಯ 2019ರ ಏಪ್ರಿಲ್ 26ರಂದು ತೀರ್ಪು ನೀಡಿತು, ಸುಮಾರು 1.8 ಲಕ್ಷ ಹೆಕ್ಟೇರ್ ಕಾಡು ಸದ್ಯಕ್ಕೆ ಉಳಿಯಿತು. 2023ರ ಆಗಸ್ಟಿನ ಜನಮತಗಣನೆಯಲ್ಲಿ ಆ ದೇಶದ ಮತದಾರರಲ್ಲಿ ಶೇಕಡ 59ರಷ್ಟು ಜನ ಯಾಸುನಿಯ ಒಂದು ತೈಲಕ್ಷೇತ್ರದ ಎಣ್ಣೆಯನ್ನು ನೆಲದಡಿಯಲ್ಲೇ ಬಿಡಬೇಕೆಂದು ಮತ ಹಾಕಿದರು. ಎರಡು ಪ್ರಸಂಗಗಳ ನಡುವೆ ವ್ಯತ್ಯಾಸವೂ ದೊಡ್ಡದೇ: ವಾವೊರಾನಿಗಳ ಎದುರಾಳಿ ಕಾಡನ್ನು ಅಗೆಯಲು ಬಂದ ಉದ್ಯಮ, ಸೋಲಿಗರ ಎದುರು ನಿಂತದ್ದು ಕಾಡನ್ನು ಉಳಿಸಲೆಂದೇ ರೂಪುಗೊಂಡ ಕಾನೂನು. ಕೇಡು ಬಗೆಯುವವರಿಂದ ಮಾತ್ರವಲ್ಲ, ಒಳಿತನ್ನು ಬಯಸುವವರಿಂದಲೂ ಅರಿವಿಗೆ ಪೆಟ್ಟು ಬೀಳಬಹುದು ಎಂಬುದನ್ನು ಕರ್ನಾಟಕದ ನಿದರ್ಶನ ತಿಳಿಸುವುದರಿಂದ, ಅದರ ಪಾಠ ಇನ್ನೂ ಕಠಿಣವಾದದ್ದು.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕಬಾರದು. ಪರಂಪರೆಯ ಅರಿವೂ ತಪ್ಪಬಹುದು ಎಂಬುದು ಮೊದಲನೆಯದು. ಇದು ನಿಜ, ಪದೇ ಪದೇ ಬೀಳುವ ಬೆಂಕಿ ಮರಗಳ ಎಳೆಸಸಿಗಳನ್ನು ಕೊಲ್ಲುತ್ತದೆ ಎಂಬ ವಿಜ್ಞಾನಿಗಳ ಎಚ್ಚರಿಕೆಗೆ ಆಧಾರವಿದೆ, ಲಂಟಾನದ ಹಬ್ಬುವಿಕೆಗೆ ಬೆಂಕಿಯ ನಿಷೇಧವೊಂದೇ ಕಾರಣವೆಂದು ಹೇಳಲೂ ಬಾರದು. ಆದರೆ ತಪ್ಪಬಹುದಾದ ಅರಿವು ತನ್ನನ್ನು ತಿದ್ದಿಕೊಳ್ಳಬೇಕಾದರೆ ಅದಕ್ಕೆ ಪ್ರಯೋಗದ ಅವಕಾಶ ಬೇಕು. ವಿಜ್ಞಾನದ ಊಹೆಗೆ ಪ್ರಯೋಗಾಲಯ ಇರುವಂತೆ ಸೋಲಿಗರ ಊಹೆಗೆ ಕಾಡೇ ಪ್ರಯೋಗದ ನೆಲ, ಅದು ಅರ್ಧ ಶತಮಾನದಿಂದ ಮುಚ್ಚಿದೆ. ಕಾಲ ಬದಲಾಗಿದೆ, ಮಾರುಕಟ್ಟೆಯ ಸೆಳೆತ ಹೆಚ್ಚಿದೆ, ಹಳೆಯ ಮಿತಿಗಳು ಇಂದು ನಿಲ್ಲಲಾರವು ಎಂಬುದು ಎರಡನೆಯ ಆಕ್ಷೇಪ. ಮಿತಿಯನ್ನು ಯಾರು ಹಾಕುತ್ತಾರೆ ಎಂಬ ಪ್ರಶ್ನೆ ಇಲ್ಲಿ ನಿರ್ಣಾಯಕ. ನಾಳೆಯೂ ಆ ಮರ ತಮ್ಮದೇ ಪಾಲಿಗೆ ಇರುತ್ತದೆಂಬ ಭರವಸೆ ಇರುವವರು ಕೊಂಬೆ ಮುರಿಯದೆ ಕಾಯಿ ಕೀಳುತ್ತಾರೆ. ಯಾವ ದಿನ ಹೊರದೂಡುತ್ತಾರೋ ಎಂಬ ಅಂಜಿಕೆಯಲ್ಲಿರುವವರಿಂದ ಅಂಥ ತಾಳ್ಮೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಮಾಕಳಿ ಬೇರಿನ ಉಪ್ಪಿನಕಾಯಿ ಬೆಂಗಳೂರಿನ ಮನೆಗಳಲ್ಲಿ ಪ್ರಿಯವಾದದ್ದು. ಬೇರನ್ನು ಪೂರ್ತಿ ಕೀಳದೆ, ಬಳ್ಳಿ ಮತ್ತೆ ಚಿಗುರುವಷ್ಟು ಬಿಟ್ಟು ಅಗೆಯುವ ಸಂಯಮ ಉಳಿಯುವುದು ಆ ಬಳ್ಳಿಯ ಮೇಲೆ ಯಾರಿಗಾದರೂ ದೀರ್ಘಕಾಲದ ಹೊಣೆಯಿದ್ದಾಗ ಮಾತ್ರ. ಹುಲಿ ಮತ್ತು ಮನುಷ್ಯ ಒಂದೇ ಕಾಡಿನಲ್ಲಿ ಇರಲಾಗದು ಎಂಬುದು ಮೂರನೆಯ ಆಕ್ಷೇಪ. 2010 ಮತ್ತು 2014ರ ಅಂದಾಜುಗಳ ನಡುವೆ ಬಿಳಿಗಿರಿಯ ಹುಲಿಗಳ ಸಂಖ್ಯೆ ಸುಮಾರು 35ರಿಂದ 68ಕ್ಕೆ ಏರಿತೆಂದು ವರದಿಯಾಗಿದೆ. ಈ ಏರಿಕೆಗೆ ಸೋಲಿಗರೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಅವರು ಕಾಡಿನೊಳಗೇ ಇದ್ದುಕೊಂಡು, ಹಕ್ಕುಪತ್ರ ಪಡೆದ ಕಾಲದಲ್ಲೇ ಹುಲಿ ಹೆಚ್ಚಿದ್ದರಿಂದ, ಅವರ ಇರುವಿಕೆ ಹುಲಿಗೆ ಮಾರಕವೆಂಬ ಮಾತು ಸುಳ್ಳಾಯಿತು ಎನ್ನಲು ಅಷ್ಟು ಸಾಕು.

ಬರೆದಿಡುವುದು ಮತ್ತು ಲಾಭ ಹಂಚುವುದು ಸಾಲದೇ ಎಂದು ಕೇಳುವವರಿಗೆ ಕೇರಳದ ಕಾಣಿ ಬುಡಕಟ್ಟಿನ ಕಥೆ ಉತ್ತರ ಹೇಳುತ್ತದೆ. 1987ರಲ್ಲಿ ಅಗಸ್ತ್ಯಮಲೆಯಲ್ಲಿ ವಿಜ್ಞಾನಿಗಳಿಗೆ ದಾರಿ ತೋರಲು ಬಂದ ಕಾಣಿ ಯುವಕರು ಆಯಾಸ ನೀಗುವ ಆರೋಗ್ಯಪಚ್ಚೆಯ ಹಣ್ಣನ್ನು ಪರಿಚಯಿಸಿದರು. ಆ ಗಿಡದಿಂದ ತಿರುವನಂತಪುರದ ಉಷ್ಣವಲಯ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ಜೀವನಿ ಎಂಬ ಔಷಧವನ್ನು ರೂಪಿಸಿ, ಪರವಾನಗಿಯ ಹಣದಲ್ಲಿ ಅರ್ಧವನ್ನು ಸಮುದಾಯಕ್ಕೆ ಮೀಸಲಿಟ್ಟಿತು. ಜಗತ್ತಿಗೇ ಮಾದರಿಯೆಂದು ಹೊಗಳಿಸಿಕೊಂಡ ಈ ಏರ್ಪಾಡು ಎಡವಿದ್ದು ಗಿಡ ಬೆಳೆಯುವ ನೆಲದ ವಿಷಯದಲ್ಲಿ. ಕಾಡಿನೊಳಗೆ ಅದನ್ನು ಬೆಳೆದು ಕೀಳಲು ಕಾಣಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಸುಲಭವಾಗಿ ದೊರೆಯಲಿಲ್ಲ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಅಡಿಯಲ್ಲಿ ಪಂಚಾಯಿತಿಗಳು ತಯಾರಿಸಬೇಕಾದ ಜನತಾ ಜೀವವೈವಿಧ್ಯ ದಾಖಲೆಗಳೂ, ಅವನ್ನು ಬರೆಸಿದ ಹಿರಿಯರ ಊರಿಗೆ ಕಾಡಿನ ಬಾಗಿಲು ಮುಚ್ಚಿದ್ದರೆ, ಕಪಾಟಿನ ಕಡತಗಳಾಗಿ ಉಳಿಯುತ್ತವೆ.

ಹಾಗಾದರೆ ಮಾಡಬೇಕಾದದ್ದೇನು ಎಂಬುದಕ್ಕೆ ಅರಣ್ಯ ಹಕ್ಕು ಕಾಯ್ದೆಯೊಳಗೇ ದಾರಿಗಳಿವೆ. ಹಕ್ಕುಪತ್ರ ಪಡೆದ ಗ್ರಾಮಸಭೆಗಳು ತಮ್ಮ ಎಲ್ಲೆಗಳಿಗೆ ನಿರ್ವಹಣಾ ಯೋಜನೆಗಳನ್ನು ತಾವೇ ರೂಪಿಸಬೇಕು, ಅವು ಹುಲಿ ಸಂರಕ್ಷಣೆಯ ಯೋಜನೆಯ ಅಧಿಕೃತ ಭಾಗವಾಗಬೇಕು. ಲಂಟಾನ ದಟ್ಟವಾಗಿ ಬೆಳೆದ ಕಡೆ ಇಂದು ಹಚ್ಚಿದ ಬೆಂಕಿ ತರಗು ಬೆಂಕಿಯಾಗಿ ಉಳಿಯದಾದ್ದರಿಂದ, ಮೊದಲು ಪೊದೆ ತೆರವುಮಾಡಿ, ಬಳಿಕ ಆಯ್ದ ಸಣ್ಣ ತಾಕುಗಳಲ್ಲಿ ಸೋಲಿಗ ಹಿರಿಯರ ನಿರ್ದೇಶನದಲ್ಲಿ ತರಗು ಬೆಂಕಿಯನ್ನು ಮತ್ತೆ ನಡೆಸಿ, ಬೆಂಕಿಯಿಲ್ಲದ ತಾಕುಗಳೊಡನೆ ಹತ್ತು ಹದಿನೈದು ವರ್ಷ ಹೋಲಿಸಿ ನೋಡಬೇಕು. ಫಲ ಯಾರ ಪರವಾಗಿ ಬಂದರೂ ಅದು ಇಬ್ಬರ ಅರಿವನ್ನೂ ಹೆಚ್ಚಿಸುತ್ತದೆ. ಇಂಥ ಪರೀಕ್ಷೆಯ ಪ್ರಶ್ನೆಗಳನ್ನು ರೂಪಿಸುವಾಗಲೂ, ಫಲಿತಾಂಶವನ್ನು ಪ್ರಕಟಿಸುವಾಗಲೂ ಸೋಲಿಗರು ಮಾಹಿತಿದಾರರಾಗಿ ಉಳಿಯದೆ ಸಹಸಂಶೋಧಕರಾಗಬೇಕು. 1981ರಲ್ಲಿ ಡಾ. ಎಚ್. ಸುದರ್ಶನ್ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಓದಿದ ಒಂದು ತಲೆಮಾರು ಈಗಾಗಲೇ ಬೆಟ್ಟದಲ್ಲಿದೆ. ಶಾಲೆಯ ದಿನಚರಿಯೊಳಗೇ ಜೇನಿನ ಕಾಲ, ಎಲ್ಲೆಯ ಪೂಜೆ, ನೆಲ್ಲಿಯ ಕೊಯ್ಲಿಗೆ ಎಡೆ ಸಿಕ್ಕರೆ ಅಕ್ಷರ ಮತ್ತು ಅರಿವು ಒಂದನ್ನೊಂದು ಬಲಪಡಿಸಬಲ್ಲವು.

ಕಾಡಿನ ಭವಿಷ್ಯವನ್ನು ತೀರ್ಮಾನಿಸುವ ಇಲಾಖೆಗಳು, ಸಂಶೋಧನಾ ಸಂಸ್ಥೆಗಳು, ಶಾಸನ ಸಭೆ ಎಲ್ಲವೂ ಇರುವುದು ಬೆಂಗಳೂರಿನಲ್ಲಿ. ಕಾವೇರಿಗೆ ಸೇರುವ ಸುವರ್ಣಾವತಿಯಂಥ ತೊರೆಗಳು ಹುಟ್ಟುವುದು ಇಂಥ ಬೆಟ್ಟಗಳಲ್ಲಿ, ಆ ಕಾವೇರಿಯ ನೀರನ್ನು ಕುಡಿಯುವುದು ಇದೇ ನಗರ. ಹೀಗಿರುವಾಗ ಸೋಲಿಗರ ಹಕ್ಕಿನ ಪ್ರಶ್ನೆಯನ್ನು ದೂರದ ಬುಡಕಟ್ಟೊಂದರ ಕಲ್ಯಾಣದ ವಿಷಯವೆಂದು ಬದಿಗಿಡಲು ನಗರವಾಸಿಗೆ ಅವಕಾಶವಿಲ್ಲ. ತರಗು ಬೆಂಕಿ ಹಾಕಲು ಬಲ್ಲ ಹಿರಿಯರು ಇನ್ನೂ ಬದುಕಿದ್ದಾರೆ, ಅವರಿಂದ ಕಲಿಯಬಲ್ಲ ಕಿರಿಯರು ಇನ್ನೂ ಪೋಡುಗಳಲ್ಲಿದ್ದಾರೆ, ಅವರಿಬ್ಬರನ್ನೂ ಕಾಡಿನಲ್ಲಿ ಒಟ್ಟುಗೂಡಿಸುವ ಕಾನೂನು ಪುಸ್ತಕದಲ್ಲಿದೆ. ಕೊರತೆಯಿರುವುದು, ಅರಿವುಳ್ಳವರ ಕೈಗೆ ತೀರ್ಮಾನವನ್ನು ಕೊಡುವ ರಾಜಕೀಯ ಮನಸ್ಸಿನಲ್ಲಿ ಮತ್ತು ಅದಕ್ಕಾಗಿ ಒತ್ತಾಯಿಸುವ ನಾಗರಿಕರ ದನಿಯಲ್ಲಿ. ಈ ಎರಡನ್ನೂ ಬೆಳೆಸುವುದು ಇಂದಿನ ತಲೆಮಾರಿನ ಕೈಯಲ್ಲೇ ಇದೆ, ಏಕೆಂದರೆ ಆ ಹಿರಿಯರು ತೀರಿಕೊಂಡ ಬಳಿಕ ಕೊಡುವ ಹಕ್ಕಿನಿಂದ ಅವರ ಅರಿವು ಮರಳಿ ಬರುವುದಿಲ್ಲ.